ಅಗ್ಗದ ಪೆಟ್ಟಿಗೆಗೆ ಅಂಟಿದ ಅಪವಾದ

ಮನೆಯ ಟೀವಿಯಲ್ಲಿ ಸಿನಿಮಾ ತಡವರಿಸಿದ ಕೂಡಲೇ ಬೈಗುಳ ಬೀಳುವುದು ಮೂಲೆಯಲ್ಲಿ ಮಿಣಮಿಣ ಎನ್ನುವ ಅಗ್ಗದ ನ್ಯಾಸ್ ಪೆಟ್ಟಿಗೆಗೆ, ಅಂದರೆ ಸಿನಿಮಾ ಕಡತಗಳನ್ನು ಕೂಡಿಟ್ಟು ಮನೆಯ ಜಾಲದ ಮೂಲಕ ಒದಗಿಸುವ ಡಿಸ್ಕಿನ ಪೆಟ್ಟಿಗೆಗೆ. ಲೆಕ್ಕ ಹಾಕಿದರೆ ಅದರ ತಪ್ಪು ಕಡಿಮೆ. ಬ್ಲೂ-ರೇ ಚಿತ್ರ ಸೆಕೆಂಡಿಗೆ ಬೇಡುವುದು ಹೆಚ್ಚೆಂದರೆ 54 ಮೆಗಾಬಿಟ್. 4ಕೆ ಡಿಸ್ಕೂ 150 ದಾಟುವುದಿಲ್ಲ. ಸಾಧಾರಣ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್, ಅಂದರೆ 800 ಮೆಗಾಬಿಟ್, ಸಲೀಸಾಗಿ ಓದುತ್ತದೆ. ಗಿಗಾಬಿಟ್ ತಂತಿಯೂ ಅದನ್ನು ಹೊರಬಲ್ಲದು. ಆದರೆ ಎಷ್ಟೋ ದುಬಾರಿ ಟೀವಿಗಳ ಬೆನ್ನಿಗಿರುವ ತಂತಿಕಿಂಡಿಯೇ 100 ಮೆಗಾಬಿಟ್‌ನದು! ಇನ್ನು ಎರಡು ಗೋಡೆ ದಾಟಿ ಏದುಸಿರು ಬಿಡುತ್ತ ಬರುವ ವೈಫೈ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

‘ಹಾಗಾದರೆ ಕೆಲವು ಚಿತ್ರಗಳಿಗೆ ಪೆಟ್ಟಿಗೆಯೇ ಸುಸ್ತಾಗುತ್ತದಲ್ಲ?’ ಎನ್ನಬಹುದು. ನಿಜ. ಟೀವಿಗೆ ಅರ್ಥವಾಗದ ಕಡತವನ್ನು ಆ ಕ್ಷಣದಲ್ಲೇ ಬೇರೆ ರೂಪಕ್ಕೆ ಇಳಿಸುವ ಟ್ರಾನ್ಸ್‌ಕೋಡಿಂಗ್ ಕೆಲಸ ಅದರ ಪುಟ್ಟ ಪ್ರೊಸೆಸರ್‌ಗೆ ಹೇಳಿದ್ದಲ್ಲ; ಉಗ್ರಾಣಿಕನನ್ನು ಒಲೆಯ ಮುಂದೆ ಕೂರಿಸಿ ಸಾರು ಕೆಟ್ಟಿತೆಂದರೆ ಹೇಗೆ? ಟೀವಿಗೆ ಒಪ್ಪುವ ರೂಪದಲ್ಲೇ ಕಡತ ಇಟ್ಟರೆ ಜೆಲ್ಲಿಫಿನ್, ಪ್ಲೆಕ್ಸ್‌ನಂಥ ಸಿನಿಮಾ ಒದಗಿಸುವ ತಂತ್ರಾಂಶಗಳು ಅದನ್ನು ಸುಮ್ಮನೆ ದಾಟಿಸುತ್ತವೆ. ‘ಓಟಿಟಿ ಇರುವಾಗ ಈ ಉಸಾಬರಿ ಏಕೆ?’ ಎಂಬುದು ಇನ್ನೊಂದು ಆಕ್ಷೇಪ. ಪರವಾನಗಿ ಮುಗಿದ ದಿನ ಓಟಿಟಿಯ ಚಿತ್ರ ಹೇಳದೆ ಕೇಳದೆ ಮಾಯ. ಸ್ವಂತ ಡಿಸ್ಕಿನದು ಎಲ್ಲಿಗೆ ಹೋದೀತು? ಕರೆಂಟಿನ ಚಿಂತೆಯೂ ಬೇಡ: 15 ವಾಟ್‌ನ ಪೆಟ್ಟಿಗೆ ಹಗಲಿರುಳು ಉರಿದರೂ ತಿಂಗಳಿಗೆ 11 ಯೂನಿಟ್. ಡಿಸ್ಕೇ ಸತ್ತರೆ? ಅದಕ್ಕೆ ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಾದವರು ನಾವು. ಸಾವಿರ ಸಿನಿಮಾ ತುಂಬಿಸಿ ಯಾವುದನ್ನು ನೋಡುವುದೆಂದು ರಾತ್ರಿಯೆಲ್ಲ ರಿಮೋಟ್ ಒತ್ತುವ ಕಾಯಿಲೆಗೆ ಮಾತ್ರ ಯಾವ ಬೆಲೆಯ ಪೆಟ್ಟಿಗೆಯಲ್ಲೂ ಮದ್ದಿಲ್ಲ.