ಡಿಕ್ಕಿಯಲ್ಲಿ ಹತ್ತು ಪ್ರತಿ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಂಡ ಹೆಂಗಸೊಬ್ಬರು ಮೆಂತ್ಯದ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಸ್ಕೂಟರಿನ ಡಿಕ್ಕಿ ತೆಗೆದರೆ ಸ್ವಲ್ಪ ದೂರ ಸರಿದು ನಿಲ್ಲಿ. ಅವರು ಕಾದಂಬರಿಗಾರ್ತಿ. ಡಿಕ್ಕಿಯಲ್ಲಿ ಮೆಂತ್ಯಕ್ಕೆ ಜಾಗವಿಲ್ಲ; ಅಲ್ಲಿ ಸದಾ ಹತ್ತು ಪ್ರತಿ ಇರುತ್ತವೆ. ಮೇಲೊಂದು ರೇನ್‌ಕೋಟು ಇದೆ, ಅದೂ ಪುಸ್ತಕಕ್ಕೆ ಹೊದಿಸಲು.

ಬರೆಯುವುದಕ್ಕೆ ಮೂರು ವರ್ಷ ಹಿಡಿಯಿತು. ಮಾರುವುದು ಇನ್ನೂ ನಡೆದಿದೆ. “ಬರೆಯೋದು ಹೆರಿಗೆ ಕಣ್ರೀ, ಹೇಗೋ ಆಗಿಹೋಗತ್ತೆ. ಮಾರೋದು ಮಗಳ ಮದುವೆ. ಮನೆಮನೆಗೆ ಹೋಗಿ ಕರೀಬೇಕು” ಎನ್ನುತ್ತಾರೆ.

ಇದರಲ್ಲಿ ಅವರಿಗೆ ಸಂಕೋಚವಿಲ್ಲ, ಏಕೆಂದರೆ ಪರಂಪರೆಯ ಬೆಂಬಲವಿದೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಂಜನಗೂಡಿನ ತಿರುಮಲಾಂಬ ಎಳೆವಯಸ್ಸಿನಲ್ಲೇ ವಿಧವೆಯಾಗಿಯೂ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ನಮ್ಮ ಲೇಖಕಿ ಸಿಕ್ಕ ಮೈಕಿನಲ್ಲೆಲ್ಲ ಈ ಇಬ್ಬರನ್ನೂ ನೆನೆಯುತ್ತಾರೆ. ಕಟ್ಟುಗಳನ್ನು ಮೂರನೇ ಮಹಡಿಗೆ ಹೊತ್ತು ಏದುಸಿರು ಬಿಡುತ್ತಿದ್ದ ಅವರ ಯಜಮಾನರು ಒಮ್ಮೆ ಮೆಲ್ಲಗೆ ಕೇಳಿದರು: “ಗಳಗನಾಥರ ಗಂಟನ್ನ ಗಳಗನಾಥರೇ ಹೊರ್ತಿದ್ರಲ್ವೇನೇ?”

ಬಿಡುಗಡೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಬಸವನಗುಡಿಯ ಕಡೆ. ಹತ್ತೂವರೆ ಎಂದು ಅಚ್ಚಾಗಿದ್ದರೆ ಹತ್ತಕ್ಕೆ ಉಪ್ಪಿಟ್ಟು, ಕೇಸರಿಬಾತು ಎಂದು ಸಾಹಿತ್ಯಾಸಕ್ತರಿಗೆ ಗೊತ್ತು. ನೂರಿಪ್ಪತ್ತು ತಟ್ಟೆ ಖರ್ಚಾಯಿತು, ಪುಸ್ತಕ ಹದಿನೇಳು. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಪ್ರತಿಗಳನ್ನು ಎದೆಮಟ್ಟಕ್ಕೆ ಹಿಡಿದು, ಫೋಟೋದವನು ಸಾಕು ಎನ್ನುವ ತನಕ ನಿಂತರು. ಕೃತಿ ಪರಿಚಯಕ್ಕೆ ಬಂದವರು “ಸಮಯದ ಅಭಾವದಿಂದ ಪೂರ್ತಿ ಓದಲಾಗಿಲ್ಲ” ಎಂದು ಶುರುಮಾಡಿ ನಲವತ್ತು ನಿಮಿಷ ಮಾತಾಡಿದರು. ಪೂರ್ತಿ ಓದಿಕೊಂಡು ಬಂದಿದ್ದ ಇನ್ನೊಬ್ಬರಿಂದ ಆದದ್ದು ಅದಕ್ಕಿಂತ ದೊಡ್ಡ ನಷ್ಟ. ಕೊನೆಗೆ ನಾಯಕಿ ಮನೆ ಬಿಟ್ಟು ಹೋಗುತ್ತಾಳೆಂದು ತುಂಬಿದ ಸಭೆಯಲ್ಲಿ ಹೇಳಿಬಿಟ್ಟರು. ಎರಡನೇ ಸಾಲಿನಲ್ಲಿ ಪರ್ಸು ತೆಗೆದಿದ್ದ ಇಬ್ಬರು ಅದನ್ನು ಮತ್ತೆ ಒಳಗಿಟ್ಟದ್ದನ್ನು ಲೇಖಕಿ ವೇದಿಕೆಯಿಂದಲೇ ಕಂಡರು.

ಕೊನೆಯ ನಲವತ್ತು ಪುಟ ಕತ್ತರಿಸಬಹುದಿತ್ತು ಎಂದೂ ಆ ವಿಮರ್ಶಕರು ಹೇಳಿದರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ ಎಂಬುದು ಪಾಪ ಅವರಿಗೆ ಹೊಳೆದಿರಲಿಲ್ಲ.

ಆ ರಾತ್ರಿ ವಾಟ್ಸಾಪಿನಲ್ಲಿ ಹೂಗುಚ್ಛಗಳ ಸುರಿಮಳೆ. ಅದರ ನಡುವೆ ಮೈದುನನ ಸಂದೇಶ: “ಅತ್ತಿಗೆ, ಪಿಡಿಎಫ್ ಇದ್ರೆ ಕಳ್ಸಿ.” ಬಂಧುಗಳಲ್ಲಿ ದುಡ್ಡು ಕೊಟ್ಟು ಕೊಂಡವರು ನಾದಿನಿ ಒಬ್ಬರೇ. ಪೆನ್ಸಿಲ್ ಹಿಡಿದು ಓದಿದರು. ಎಪ್ಪತ್ತೆಂಟನೇ ಪುಟದ ಒಡವೆ ಜಗಳ ತಮ್ಮದೇ ಎಂದು ಖಾತ್ರಿಯಾದ ಮೇಲೆ ಆ ವರ್ಷ ಗೌರಿ ಬಾಗಿನಕ್ಕೂ ಬರಲಿಲ್ಲ. “ಅಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ” ಎಂದು ಲೇಖಕಿಗೆ ಒಳಗೊಳಗೇ ಹೆಮ್ಮೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಮ್ಮ ಲೇಖಕಿ ಮನೆಯ ಹಾಲ್‌ನಲ್ಲಿ ನಿಜವಾಗಿಯೂ ಕುಣಿದರು. ಕುಣಿತ ಮುಗಿಯುವ ಮೊದಲೇ ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪನ ಫೋನು. “ನಿಂದು ಯಾವಾಗಮ್ಮ? ಐವತ್ತು ಸಾವಿರ ಪೌಂಡಂತೆ. ಅರ್ಧ ಅನುವಾದಕಿಗೆ ಹೋಗುತ್ತಂತಲ್ಲ, ನೀನೇ ಇಂಗ್ಲಿಷಿನಲ್ಲಿ ಬರೆದ್ಬಿಡು, ಪೂರ್ತಿ ಉಳಿಯತ್ತೆ.” ಆ ಪ್ರಶಸ್ತಿ ಇರುವುದೇ ಅನುವಾದಕ್ಕೆ ಎಂದು ವಿವರಿಸುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.

ಸಿನಿಮಾ ಲೇಖಕಿಯ ಹಳೆಯ ನೋವು. ‘ಶರಪಂಜರ’ ಟೀವಿಯಲ್ಲಿ ಬಂದಾಗಲೆಲ್ಲ ಎರಡು ಸಲ ಅಳುತ್ತಾರೆ. ಒಂದು ಸಲ ಕಲ್ಪನಾ ಮಾಡಿದ ಕಾವೇರಿಗಾಗಿ, ಇನ್ನೊಂದು ಸಲ ಮೂಲ ಕಾದಂಬರಿ ಬರೆದ ತ್ರಿವೇಣಿಗಾಗಿ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರದೇ ಕಾದಂಬರಿ ಆಧರಿಸಿದ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ಬಂದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ತಮ್ಮ ಕಥೆಗೆ ಊರಿಗೂರೇ ಅತ್ತದ್ದನ್ನು ಬರೆದವರು ನೋಡಲಿಲ್ಲ. ಬದುಕಿದ್ದು ನೋಡಿದವರ ಪಾಡೂ ಸುಖವಲ್ಲ ಅನ್ನಿ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ 1972ರಲ್ಲಿ ಪುಟ್ಟಣ್ಣ ‘ನಾಗರಹಾವು’ ಮಾಡಿದಾಗ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಗೊಣಗಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ವೈದೇಹಿಯವರ ಕಥೆಯ ಟಾಕೀಸು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಹೊತ್ತಿಗೆ ಮನೆಯೊಳಗಿನ ಟೀವಿಯಾಯಿತು. ಚಿತ್ರ ಚೆನ್ನಾಗಿದೆ ಎಂದು ನಮ್ಮ ಲೇಖಕಿ ಒಪ್ಪುತ್ತಾರೆ. “ಆದ್ರೂ ನನ್ನ ಕಾದಂಬರೀಲಿ ಒಂದು ಅಲ್ಪವಿರಾಮ ಮುಟ್ಟೋಕೂ ಬಿಡಲ್ಲ” ಎಂದು ಸಾಹಿತ್ಯಗೋಷ್ಠಿಯೊಂದರಲ್ಲಿ ಗುಡುಗಿದ್ದರು.

ಮರುವಾರ ಚಿತ್ರರಂಗದವರೊಬ್ಬರು ಸಿಕ್ಕರು. “ಒನ್ ಲೈನ್ ಹೇಳಿ ಮೇಡಂ.” ಮುನ್ನೂರ ಹನ್ನೆರಡು ಪುಟವನ್ನು ಇವರು ಒಂದು ಸಾಲಿಗೆ ಇಳಿಸುವಷ್ಟರಲ್ಲಿ ಎರಡು ಕಾಫಿ ಆಯಿತು. ಹೀರೋ ಯಾರು ಎಂದು ಕೇಳಿದರು. ಹೀರೋ ಇಲ್ಲ, ಒಬ್ಬಳು ವಿಧವೆ, ಎಪ್ಪತ್ತು ವರ್ಷ. “ಇಪ್ಪತ್ತೆಂಟು ಮಾಡ್ಬೋದಾ?” ಲೇಖಕಿ ಕಿಟಕಿಯಾಚೆ ಒಂದು ನಿಮಿಷ ನೋಡಿ ಹೇಳಿದರು: “ಮೂವತ್ತೆರಡು?”

ಅವರು ಮತ್ತೆ ಫೋನು ಮಾಡಲಿಲ್ಲ.

ಉಳಿದದ್ದು ನಾಟಕ. ಬೆಂಗಳೂರಿನ ಕಲಾಗ್ರಾಮದಲ್ಲಿ ಸಿ. ಬಸವಲಿಂಗಯ್ಯ ನಿರ್ದೇಶನದ ‘ಮಲೆಗಳಲ್ಲಿ ಮದುಮಗಳು’ ನಡೆದಾಗ ಶಾಲು, ಫ್ಲಾಸ್ಕು, ಕೋಡುಬಳೆ ಸಮೇತ ಹೋಗಿ ಇಡೀ ರಾತ್ರಿ ಕೂತು ಬಂದಿದ್ದರು. ನಿದ್ದೆಗಣ್ಣಿನಲ್ಲಿ ಹೊರಬರುತ್ತಿದ್ದ ಜನರ ಮುಖ ನೋಡಿ ಭಕ್ತಿಯಿಂದ ಕಣ್ಣೊರೆಸಿಕೊಂಡರು. ಅಂದಿನಿಂದ ಸಿಕ್ಕ ರಂಗನಿರ್ದೇಶಕರಿಗೆಲ್ಲ ಹೇಳುವ ಮಾತು: “ನಂದು ಎರಡೂವರೆ ಗಂಟೇಲಿ ಮುಗಿಯತ್ತೆ.”

ಜೆ.ಪಿ. ನಗರದ ರಂಗಶಂಕರದಲ್ಲಿ ಏಳೂವರೆಯ ನಾಟಕವೆಂದರೆ ಏಳೂವರೆಯೇ. ತಡವಾದವರು ಯಾರಾದರೂ ಸರಿ, ಬಾಗಿಲು ತೆರೆಯುವುದಿಲ್ಲ. ಕಳೆದ ತಿಂಗಳು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಲೇಖಕಿ ತಲುಪಿದ್ದು ಏಳು ಮೂವತ್ತಾರಕ್ಕೆ. ಹೊರಗೆ ಹಾಗೆಯೇ ತಡವಾಗಿ ಬಂದು ಮುಖ ಸಣ್ಣದು ಮಾಡಿಕೊಂಡ ಐದು ಮಂದಿ. ಎಲ್ಲರೂ ಓದುವವರ ಹಾಗೆ ಕಂಡರು, ಎಲ್ಲರಿಗೂ ಎರಡು ಗಂಟೆ ಬಿಡುವು ಇತ್ತು. ಲೇಖಕಿ ಒಂದು ಕ್ಷಣ ಯೋಚಿಸಿ ಸ್ಕೂಟರಿನತ್ತ ನಡೆದರು. ಮೂರು ಪ್ರತಿ ಹೋದವು. ಒಂದಕ್ಕೆ ಹಸ್ತಾಕ್ಷರವೂ ಬಿತ್ತು. ಆಮೇಲೆ ಅವರು ರಂಗಶಂಕರಕ್ಕೆ ಸಮಯಕ್ಕೆ ಸರಿಯಾಗಿ ಹೋದದ್ದನ್ನು ನೋಡಿದವರಿಲ್ಲ.

ಬೆಲೆ 350 ರೂಪಾಯಿ, ಸಿಕ್ಕಿದರೆ ಹತ್ತು ಪರ್ಸೆಂಟ್ ಬಿಡುತ್ತಾರೆ, ಫೋನ್‌ಪೇ ಆಗುತ್ತದೆ. ದಯವಿಟ್ಟು ಪಿಡಿಎಫ್ ಮಾತ್ರ ಕೇಳಬೇಡಿ.