ಸೆಕೆಂಡ್‌ಹ್ಯಾಂಡ್ ಕಾರು ಮತ್ತು ನಿಂಬೆಹಣ್ಣು: ಒಂದು ಮೀಮಾಂಸೆ

ಸೆಕೆಂಡ್‌ಹ್ಯಾಂಡ್ ಕಾರಿನ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬುದು ಮೆಕ್ಯಾನಿಕ್‌ಗೆ ಬಿಟ್ಟ ವಿಚಾರವೆಂದು ಪಾಮರರು ತಿಳಿದಿದ್ದಾರೆ. ಅದು ಅಪ್ಪಟ ವೇದಾಂತದ ಪ್ರಶ್ನೆಯೆಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಮೂಲಸೂತ್ರಗಳು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ 55ಎ ಮೊದಲಾದವನ್ನು ಸೇರಿಸಿತು. 2023ರ ಏಪ್ರಿಲ್ 1ರಿಂದ ಜಾರಿ. ಹಳೇ ಕಾರು ಮಾರುವ ಡೀಲರನು ಫಾರಂ 29ಎ ತುಂಬಿ ಆರ್‌ಟಿಒದಿಂದ ಅಧಿಕಾರಪತ್ರ ಪಡೆಯತಕ್ಕದ್ದು. ಅದರ ಆಯುಸ್ಸು ಐದು ವರ್ಷ. ಗಾಡಿ ಕೈಗೆ ಬಂದರೆ 29ಸಿ ಸಲ್ಲಿಸತಕ್ಕದ್ದು. ಅಲ್ಲಿಂದ ಮುಂದೆ ಡೀಲರನನ್ನೇ ಮಾಲೀಕನೆಂದು ಭಾವಿಸತಕ್ಕದ್ದು. ಗಾಡಿ ಅಂಗಡಿ ಬಿಟ್ಟು ಹೊರಟಿತೋ, ಓಡಿಸಿದ್ದು ಯಾರು, ಯಾತಕ್ಕೆ, ಎಷ್ಟು ಕಿಲೋಮೀಟರ್, ಎಲ್ಲವನ್ನೂ ಎಲೆಕ್ಟ್ರಾನಿಕ್ ವಹಿಯಲ್ಲಿ ದಾಖಲಿಸತಕ್ಕದ್ದು. ಇಷ್ಟೆಲ್ಲ ‘ತಕ್ಕದ್ದು’ಗಳ ನಡುವೆ, ಮಾರುವ ಮುನ್ನ ಒಮ್ಮೆ ಬ್ರೇಕ್ ತುಳಿದು ನೋಡತಕ್ಕದ್ದು ಎಂಬುದೊಂದು ಮಾತ್ರ ಭೂತಗನ್ನಡಿ ಹಿಡಿದರೂ ಸಿಗುವುದಿಲ್ಲ. ಡೀಲರನ ಕ್ಷೇಮ ಖಚಿತವಾಯಿತು, ಕಾರಿನದು ದೈವೇಚ್ಛೆ.

ಪೂರ್ವಪಕ್ಷ: ಎಫ್‌ಸಿ ಇದೆಯಲ್ಲ? ಇದೆ, ಯೆಲ್ಲೋ ಬೋರ್ಡಿಗೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾವರ್ಷ. ಬಿಳಿ ಬೋರ್ಡಿನ ಕಾರಾದರೋ ಹುಟ್ಟಿನಿಂದ 15 ವರ್ಷ ನಿರಾಮಯ. ನಡುವೆ ಯಾವುದೋ ಮಳೆಗಾಲದಲ್ಲಿ ಅಂಡರ್‌ಪಾಸ್‌ನೊಳಗೆ ಮುಳುಗಿ ಎದ್ದಿದ್ದರೆ ಅದು ಮಾಯೆ. ಹದಿನೈದು ತುಂಬಿದ ಮೇಲೆ ಸರ್ಕಾರಕ್ಕೆ ಥಟ್ಟನೆ ಅನುಮಾನ ಹುಟ್ಟಿ ಫಾರಂ 25, ತಪಾಸಣೆ, ಪಾಸಾದರೆ ಮತ್ತೈದು ವರ್ಷ. ಎಮಿಷನ್ ಸರ್ಟಿಫಿಕೇಟ್ ನೋಡುವುದು ಹೊಗೆಯನ್ನು. ನಿಲ್ಲದೆ ಓಡುವ ಕಾರೂ ಶುದ್ಧ ಹೊಗೆ ಬಿಡಬಲ್ಲದು.

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಇನ್ನೂ ಸ್ವಾರಸ್ಯಕರ. ಕೊಳ್ಳುವವನು ಪರೀಕ್ಷೆ ಮಾಡಿದ್ದಲ್ಲಿ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಆಮೇಲೆ ತಕರಾರು ತೆಗೆಯುವುದು ಕಷ್ಟ. ಆದ್ದರಿಂದ ಟೈರಿಗೆ ಒದ್ದು ನೋಡುವ ಭಾವ, ಬಾನೆಟ್ ಎತ್ತಿ ಗಂಭೀರವಾಗಿ ತಲೆಯಾಡಿಸುವ ಸೋದರಮಾವ, ಇವರನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು.

ಉಳಿದದ್ದು ಆಪ್ತವಾಕ್ಯ. “ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್. ಭಾನುವಾರ ದೇವಸ್ಥಾನಕ್ಕೆ ಬಿಟ್ರೆ ತೆಗೀತಾನೇ ಇರ್ಲಿಲ್ಲ.” ಈ ಡಾಕ್ಟರುಗಳು ವಾರದ ಮಿಕ್ಕ ದಿನ ಆಸ್ಪತ್ರೆಗೆ ಹೇಗೆ ಹೋಗುತ್ತಿದ್ದರೆಂಬುದು ಪ್ರತ್ಯೇಕ ಪಿಎಚ್‌ಡಿಯ ವಸ್ತು.

ಸಿದ್ಧಾಂತ: ಸದ್ಯ ತಪ್ಪದೆ ನಡೆಯುತ್ತಿರುವ ಸುರಕ್ಷತಾ ಪರೀಕ್ಷೆ ಒಂದೇ, ಡೆಲಿವರಿ ದಿನದ ನಿಂಬೆಹಣ್ಣಿನದು. ಗಾಡಿ ಹಣ್ಣನ್ನು ಹತ್ತಿದರೆ ಎಂಜಿನ್ ಸರಿ. ನಾಲ್ಕೂ ಅಪ್ಪಚ್ಚಿಯಾದರೆ ಅಲೈನ್‌ಮೆಂಟ್ ಸರಿ. ಎದುರಿಗೆ ಮಂಗಳಾರತಿ ತಟ್ಟೆ ಹಿಡಿದ ಅಂಗಡಿ ಹುಡುಗ ನಿಂತಲ್ಲೇ ನಿಂತಿದ್ದರೆ ಬ್ರೇಕೂ ಸರಿ. ಹುಡುಗ ತಟ್ಟೆ ಸಮೇತ ಪಕ್ಕಕ್ಕೆ ಹಾರಿದನೋ, ಡೀಲರು ದೃಷ್ಟಿದೋಷವೆಂದು ನಿರ್ಣಯಿಸಿ ಒಂದು ಬೂದುಗುಂಬಳ ತರಿಸುತ್ತಾನೆ. ಅದರ ದುಡ್ಡು ಗಿರಾಕಿಯದು.