ಕುಂದಿದ ಆಲ್ಬಂನ ಸಮರ್ಥನಶಾಸ್ತ್ರ: ‘ಇನ್‌ವಿನ್ಸಿಬಲ್’ ಕುರಿತ ಕೆಲವು ನೆಲೆಗಳು

ಮೈಕಲ್ ಜಾಕ್ಸನ್ ಅವರ ‘ಇನ್‌ವಿನ್ಸಿಬಲ್’ 2001ರ ಅಕ್ಟೋಬರ್ ಕೊನೆಯಲ್ಲಿ ಎಪಿಕ್ ಕಂಪನಿಯಿಂದ ಹೊರಬಂದ, ಹದಿನಾರು ಹಾಡುಗಳ, ಸುಮಾರು 77 ನಿಮಿಷಗಳ ಪಠ್ಯ. ಇದನ್ನು ಆಲ್ಬಂ ಎಂದು ಕರೆಯುವುದು ಪಾಮರರ ರೂಢಿ. ಅಭಿಮಾನಿ-ವಿದ್ವಾಂಸರಿಗೆ ಇದೊಂದು ‘ಬಹುಸ್ತರೀಯ ಶ್ರಾವ್ಯ ಸಂಕಥನ’. ಬಿಡುಗಡೆಯಾದಾಗ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇರಿತ್ತಾದ್ದರಿಂದ ಇದನ್ನು ಸೋತ ಆಲ್ಬಂ ಎನ್ನಲಾಗದು, ಕುಂದಿದ ಆಲ್ಬಂ ಎನ್ನಬಹುದು. ಅದೇ ಗಾಯಕರ ಹಿಂದಿನ ಕೃತಿಗಳಷ್ಟು ಚೆನ್ನಾಗಿಲ್ಲ ಎಂಬುದು ಲೋಕವೇ ಬಲ್ಲ ಸಂಗತಿ. ಲೋಕ ಬಲ್ಲದ್ದನ್ನು ಅಲ್ಲಗಳೆಯಲೆಂದೇ ಹುಟ್ಟಿದ ಜ್ಞಾನಶಿಸ್ತಿಗೆ ಸಮರ್ಥನಶಾಸ್ತ್ರವೆಂದು ಹೆಸರು. ಈ ಶಾಸ್ತ್ರದಲ್ಲಿ ಹಾಡು ಉದ್ದವಾಯಿತು ಎನ್ನುವ ಹಾಗಿಲ್ಲ, ಅದು ಕಾಲದೊಂದಿಗೆ ಅನುಸಂಧಾನ ನಡೆಸುತ್ತದೆ. ಬೋರು ಹೊಡೆಸಿತು ಎನ್ನುವ ಹಾಗೂ ಇಲ್ಲ, ಅದು ಕೇಳುಗರ ನಿರೀಕ್ಷೆಗಳೊಡನೆ ಮುಖಾಮುಖಿಯಾಗುತ್ತದೆ.

ಸಮರ್ಥನೆಯ ವಾದಗಳು ಆರು. ಮೊದಲನೆಯದು ಕಾಲಪೂರ್ವವಾದ: ಕೃತಿಯು ತನ್ನ ಕಾಲಕ್ಕಿಂತ ಮುಂಚೆ ಬಂತು, ಕಾಲ ಇನ್ನೂ ಓಡುತ್ತ ಹಿಂದಿನಿಂದ ಬರುತ್ತಿದೆ. ಇದಕ್ಕೆ ಕೊಡುವ ಸಾಕ್ಷ್ಯ ಮೊದಲ ಹಾಡಾದ ‘ಅನ್‌ಬ್ರೇಕಬಲ್’. ರಾಡ್ನಿ ಜರ್ಕಿನ್ಸ್ ಕಟ್ಟಿದ ತಾಳ ಆರು ನಿಮಿಷಕ್ಕೂ ಮೀರಿ ಬಡಿಯುವ ಈ ಹಾಡಿನ ನಡುವೆ, 1997ರಲ್ಲೇ ಗುಂಡೇಟಿಗೆ ಬಲಿಯಾದ ನಟೋರಿಯಸ್ ಬಿ.ಐ.ಜಿ. ಬಂದು ರ‍್ಯಾಪ್ ಮಾಡುತ್ತಾರೆ. ಕೊನೆಯ ಹಾಡಾದ ‘ಥ್ರೆಟನ್ಡ್’ನಲ್ಲಿ 1975ರಲ್ಲಿ ತೀರಿಕೊಂಡ ರಾಡ್ ಸರ್ಲಿಂಗ್ ಅವರ ದನಿಯನ್ನು ಹಳೆಯ ಟೀವಿ ಸರಣಿಯಿಂದ ಕತ್ತರಿಸಿ ಅಂಟಿಸಲಾಗಿದೆ. ಮುಂದಿನ ಕಾಲದ ಕೃತಿ ಎರಡೂ ತುದಿಗೆ ತೀರಿಹೋದವರನ್ನೇ ಏಕೆ ಕರೆತಂದಿತು ಎಂಬ ಪೂರ್ವಪಕ್ಷಕ್ಕೆ ‘ಏಕರೇಖೀಯವಲ್ಲದ ಕಾಲಪ್ರಜ್ಞೆ’ ಎಂಬ ಸಿದ್ಧ ಉತ್ತರವಿದೆ.

ಎರಡನೆಯದು ಅನುಪಸ್ಥಿತಿವಾದ. ‘ಕ್ರೈ’ ಹಾಡಿನ ವಿಡಿಯೊದಲ್ಲಿ ಉದ್ದುದ್ದ ಸಾಲಾಗಿ ಕೈಹಿಡಿದು ನಿಂತ ಜನರಿದ್ದಾರೆ, ಹಾಡಿದವರು ಮಾತ್ರ ಎಲ್ಲೂ ಇಲ್ಲ. ಗಾಯಕರಿಗೂ ಕಂಪನಿಗೂ ಆಗ ಸರಿಬರುತ್ತಿರಲಿಲ್ಲ ಎಂಬ ವಿವರಣೆ ಶಾಸ್ತ್ರದ ಘನತೆಗೆ ತಕ್ಕುದಲ್ಲ. ಇದು ‘ಉಪಸ್ಥಿತಿಯ ಯಜಮಾನಿಕೆಯ ನಿರಚನೆ’. ಹಾಗಾದರೆ ‘ಯೂ ರಾಕ್ ಮೈ ವರ್ಲ್ಡ್’ನ ವಿಡಿಯೊ ಹದಿಮೂರು ನಿಮಿಷ ಎಳೆದು, ನಟ ಮರ್ಲಾನ್ ಬ್ರಾಂಡೊ ಅವರನ್ನೂ ಕುರ್ಚಿಯಲ್ಲಿ ಕೂರಿಸಿದ್ದು ಏನು? ಅದು ಉಪಸ್ಥಿತಿಯ ಅತಿರೇಕದ ಮೂಲಕ ನಡೆಸಿದ ನಿರಚನೆ.

ಮೂರನೆಯದು ಪಂಚವರ್ಣವಾದ. ಆಲ್ಬಂನ ರಕ್ಷಾಪುಟ ಬಿಳಿ, ಕೆಂಪು, ಹಸಿರು, ನೀಲಿ, ಕಿತ್ತಳೆ ಎಂಬ ಐದು ಛಾಯೆಗಳಲ್ಲಿ ಬಂತು; ಒಳಗಿನ ಹಾಡುಗಳು ಅವೇ. ಒಂದೇ ತತ್ತ್ವ ಐದು ಉಪಾಧಿಗಳಲ್ಲಿ ತೋರುತ್ತದೆ ಎಂದು ಭಾಷ್ಯಕಾರರು ಕಣ್ಣರಳಿಸುತ್ತಾರೆ. ಅಂಗಡಿಯ ಲೆಕ್ಕದಲ್ಲಿ ಒಂದು ಸೀಡಿ ಕೊಳ್ಳುವವರು ಐದು ಕೊಳ್ಳುತ್ತಾರೆ. ಬಣ್ಣದ ಜೊತೆಗೆ ಕಂಠದ ಚರ್ಚೆಯೂ ಉಂಟು: ‘2000 ವಾಟ್ಸ್’ ಹಾಡಿನ ತಗ್ಗಿದ ದನಿ ಜಾಕ್ಸನ್ ಅವರ ಗಂಟಲಿನದೇ, ಯಂತ್ರ ಇಳಿಸಿದ್ದೇ ಎಂಬ ಬಗ್ಗೆ ಸ್ವಕಂಠವಾದಿಗಳೂ ಯಂತ್ರಕಂಠವಾದಿಗಳೂ ಇನ್ನೂ ಕಾದಾಡುತ್ತಿದ್ದಾರೆ. ಹಾಡು ಚೆನ್ನಾಗಿದೆಯೇ ಎಂದು ಎರಡೂ ಪಂಗಡದವರು ವಿಚಾರಿಸಿದಂತಿಲ್ಲ.

ನಾಲ್ಕನೆಯದು ಶ್ರೋತೃದೋಷವಾದ, ಅಂದರೆ ತಪ್ಪು ಕೇಳಿದವರದು. ಐದನೆಯದು ಇದರದೇ ಮರಿ, ಅದನ್ನು ಬಿಡಬಹುದು.

ಆರನೆಯದಾದ ಕಂಪನಿವಾದವನ್ನು ಮಾತ್ರ ನಕ್ಕು ತಳ್ಳುವಂತಿಲ್ಲ. ತಮ್ಮ ಆಲ್ಬಂಗೆ ಕಂಪನಿ ಬೇಕೆಂದೇ ಪ್ರಚಾರ ಕೊಡಲಿಲ್ಲವೆಂಬುದು ಜಾಕ್ಸನ್ ಅವರ ದೂರಾಗಿತ್ತು. 2002ರ ಜುಲೈನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಿಂತು, ಎಪಿಕ್‌ನ ಮಾತೃಸಂಸ್ಥೆ ಸೋನಿ ಮ್ಯೂಸಿಕ್‌ನ ಮುಖ್ಯಸ್ಥ ಟಾಮಿ ಮೊಟೋಲಾ ವರ್ಣದ್ವೇಷಿ ಎಂದೂ ಬಹಿರಂಗವಾಗಿ ದೂರಿದರು. ಕಂಪನಿ ಎಲ್ಲವನ್ನೂ ನಿರಾಕರಿಸಿತು. ಆ ಜಗಳದಲ್ಲಿ ಯಾರ ಮಾತು ಎಷ್ಟು ನಿಜವೋ, ಅಮೆರಿಕದ ರೆಕಾರ್ಡ್ ವ್ಯಾಪಾರ ಕಪ್ಪು ಕಲಾವಿದರ ಬೆವರಿನ ಮೇಲೆ ಬೆಳೆದದ್ದಂತೂ ಸುಳ್ಳಲ್ಲ. ಆದರೆ ಪ್ರಚಾರ ಕಡಿಮೆಯಾದದ್ದರಿಂದ ‘ದಿ ಲಾಸ್ಟ್ ಚಿಲ್ಡ್ರನ್’ನಂಥ ಸಪ್ಪೆ ಹಾಡು ಹುಟ್ಟಲಿಲ್ಲ. ‘ಪ್ರೈವಸಿ’ಯಲ್ಲಿ ಕ್ಯಾಮೆರಾದ ಕ್ಲಿಕ್ಕುಗಳ ನಡುವೆ ಒಂದೇ ಗೋಳು ಸುತ್ತಿ ಸುತ್ತಿ ಬರುವುದಕ್ಕೂ ಜಾಹೀರಾತಿಗೂ ಸಂಬಂಧವಿಲ್ಲ.

ಆಲ್ಬಂ ಕುಂದಿದ್ದಕ್ಕೆ ಕಾರಣ ಬೇರೆ ಕಡೆ ಇದೆ. ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿ ಹೆಚ್ಚು ತುಂಬಿದರೆ ನಾದ ತೆಳುವಾಗುತ್ತದೆ. 1982ರ ‘ಥ್ರಿಲ್ಲರ್’ನಲ್ಲಿ ಒಂಬತ್ತೇ ಹಾಡು, 42 ನಿಮಿಷ. ಅದೂ ಮೊದಲು ಉದ್ದವಾಗಿ, ನಾದ ಸೊರಗಿ, ಕತ್ತರಿ ಹಾಕಿದ ಮೇಲೆಯೇ ಹೊರಬಂತು. ‘ದಿ ಲೇಡಿ ಇನ್ ಮೈ ಲೈಫ್’ನ ಒಂದು ಚರಣ ಹೋಯಿತು. ‘ಬಿಲ್ಲಿ ಜೀನ್’ನ ಆರಂಭವೂ ಉದ್ದವಾಯಿತೆಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ ತಕರಾರು ತೆಗೆದರು. ಅದನ್ನು ಕೇಳಿದರೇ ತಮಗೆ ಕುಣಿಯಬೇಕೆನಿಸುವುದು ಎಂದು ಜಾಕ್ಸನ್ ಹಟ ಹಿಡಿದರು, ಗೆದ್ದರು, ಗೆದ್ದದ್ದು ಒಳ್ಳೆಯದೇ ಆಯಿತು. ಗೆಲ್ಲಬೇಕಾದರೆ ಎದುರಿಗೊಬ್ಬರು ಬೇಡವೆನ್ನುವವರು ಇರಬೇಕಲ್ಲ. 1987ರ ‘ಬ್ಯಾಡ್’ ಆದ ಮೇಲೆ ಜೋನ್ಸ್ ಜೊತೆಗಿರಲಿಲ್ಲ. ಅಷ್ಟರಲ್ಲಿ ಎಂಬತ್ತು ನಿಮಿಷದಷ್ಟು ಹಿಡಿಸುವ ಸೀಡಿ ಬಂದಿತ್ತು. ಜಾಗ ಇದೆಯೆಂದು ತುಂಬುವ ಚಟವೂ ಬಂತು. ‘ಇನ್‌ವಿನ್ಸಿಬಲ್’ಗೆ ವರ್ಷಗಟ್ಟಲೆ ಕಾಲ ಹೋಯಿತು, ಪತ್ರಿಕೆಗಳ ಅಂದಾಜಿನಲ್ಲಿ ಸುಮಾರು 3 ಕೋಟಿ ಡಾಲರ್ ಹೋಯಿತು. ಅಷ್ಟು ಹಣದಲ್ಲಿ ‘ಇದು ಸಾಕು, ಇದನ್ನು ತೆಗೆಯಿರಿ’ ಎನ್ನುವ ಒಬ್ಬ ಮನುಷ್ಯ ಸಿಗಲಿಲ್ಲವೇ? ಹಾಡಿಗಿಂತ ಹಾಡುವವರ ಮೂಗಿನ ಬಗ್ಗೆ ಹೆಚ್ಚು ಬರೆದ ವಿಮರ್ಶಕರಿಂದ ಆ ಮಾತು ಬರುವಂತಿರಲಿಲ್ಲ. ಅಭಿಮಾನಿಗಳಿಂದಾದರೂ ಬರಬೇಕಿತ್ತು. ಅವರು ಹದಿನಾರಕ್ಕೆ ಹದಿನಾರೂ ಶ್ರೇಷ್ಠ ಎಂದು ಸಂಕಥನ ಬರೆಯುತ್ತಿದ್ದರು.

ಇದರಿಂದ ನಷ್ಟವಾದದ್ದು ಒಳ್ಳೆಯ ಹಾಡುಗಳಿಗೆ. ಆಂಡ್ರೆ ಹ್ಯಾರಿಸ್ ಮತ್ತು ಮಾರ್ಷಾ ಆಂಬ್ರೋಸಿಯಸ್ ಬರೆದ ‘ಬಟರ್‌ಫ್ಲೈಸ್’ನಲ್ಲಿ ತಾಳ ಸ್ವಲ್ಪ ಸೋಮಾರಿಯಾಗಿ ಹಿಂದುಳಿಯುತ್ತದೆ. ಅದರ ಮೇಲೆ ನಲವತ್ತು ದಾಟಿದ ದನಿ ತಾರಕ್ಕೇರಿ, ಎಲ್ಲೂ ಒತ್ತದೆ ತೇಲುತ್ತದೆ. ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ‘ವಾಟೆವರ್ ಹ್ಯಾಪನ್ಸ್’ನಲ್ಲಿ ಮೊದಲೊಂದು ಸಿಳ್ಳೆ, ಆಮೇಲೆ ಕಾರ್ಲೋಸ್ ಸಂಟಾನಾ ಅವರ ಗಿಟಾರು; ಕಷ್ಟದಲ್ಲಿರುವ ಒಂದು ಜೋಡಿಯ ಕಥೆಯನ್ನು ಪಿಸುದನಿಯಲ್ಲಿ ಹೇಳಲು ತೊಡಗಿದ ಗಾಯಕರು ಹೋಗುತ್ತ ಹೋಗುತ್ತ ಕೂಗಾಡುವ ಮಟ್ಟ ಮುಟ್ಟುತ್ತಾರೆ. ಜಾಕ್ಸನ್ ತಾವೇ ಬರೆದ ‘ಸ್ಪೀಚ್‌ಲೆಸ್’ ವಾದ್ಯವಿಲ್ಲದೆ ಬರಿದನಿಯಲ್ಲಿ ಶುರುವಾಗಿ ಬರಿದನಿಯಲ್ಲೇ ಮುಗಿಯುತ್ತದೆ. ಮೂರೂ ಸೇರಿ ಕಾಲು ಗಂಟೆಯೂ ಆಗುವುದಿಲ್ಲ. ಇಂಥ ದನಿ ಇಟ್ಟುಕೊಂಡು ಉಳಿದ ಒಂದು ಗಂಟೆ ಏನು ಮಾಡಿದರು ಎಂಬ ಸಂಕಟಕ್ಕೆ ಸಮರ್ಥನಶಾಸ್ತ್ರದಲ್ಲಿ ಪರಿಭಾಷೆ ಇಲ್ಲ.

ಶಾಸ್ತ್ರದ ಪರಮ ವಿಜಯ 2009ರ ಡಿಸೆಂಬರಿನಲ್ಲಿ ನಡೆಯಿತು. ‘ಬಿಲ್‌ಬೋರ್ಡ್’ ಓದುಗರ ಮತದಾನದಲ್ಲಿ ‘ಇನ್‌ವಿನ್ಸಿಬಲ್’ ದಶಕದ ಅತ್ಯುತ್ತಮ ಆಲ್ಬಂ ಎಂದು ಆಯ್ಕೆಯಾಯಿತು. ಜಾಕ್ಸನ್ ತೀರಿಕೊಂಡದ್ದು ಅದೇ ವರ್ಷ ಜೂನ್ 25ರಂದು. ಓಟು ಹಾಕಿದ್ದು ದುಃಖ. ಹಾಗೆಂದು ಹೇಳಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದನ್ನು ‘ಪುನರ್‌ಮೌಲ್ಯಮಾಪನ’ ಎಂದು ಕರೆದದ್ದಕ್ಕೆ ತಕರಾರು.

ಅವರು ಬದುಕಿದ್ದಾಗ ಹೊರಬಂದ ಕೊನೆಯ ಸ್ಟುಡಿಯೊ ಆಲ್ಬಂ ಇದೇ. ಇದಕ್ಕೆಂದು ಸಿದ್ಧಪಡಿಸಿ ಕೈಬಿಟ್ಟ ಹಾಡುಗಳಲ್ಲೊಂದು ‘ಎಕ್ಸ್‌ಸ್ಕೇಪ್’. ಅದೇ ಹೆಸರಿನ ಆಲ್ಬಂ 2014ರಲ್ಲಿ ಇತರರ ಕೈಯಲ್ಲಿ ತಯಾರಾಗಿ ಬಂತು. ಎಂಟು ಹಾಡು, 34 ನಿಮಿಷ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಈ ಸಲ ಯಾರೂ ಗಾಯಕರೊಂದಿಗೆ ಜಗಳವಾಡಬೇಕಾಗಿ ಬರಲಿಲ್ಲ.